ಫ್ರೆಂಡ್ ಒಬ್ಬರಿಗೆ ಬೇಕಿತ್ತು

ಬೆಳಿಗ್ಗೆ ಏಳೂ ಐವತ್ತಕ್ಕೆ ಮಗಳು ಕೃತಿ ಸ್ಕೂಲ್ ಬಸ್ಸಿಗೆಂದು ಲಿಫ್ಟ್ ಹತ್ತಿದ ಮೇಲೆ ಚಂದ್ರಪ್ರಭಾ ಸ್ಟವ್ ಆರಿದೆಯೋ ಇಲ್ಲವೋ ಅಂತ ಎರಡು ಸಲ ಮುಟ್ಟಿ ನೋಡುತ್ತಾಳೆ. ಆಮೇಲೆ ಸಾಕ್ಸ್ ಹಾಕಿಕೊಂಡು, ಬೂಟಿನ ಲೇಸು ಬಿಗಿಯಾಗಿ ಕಟ್ಟಿಕೊಂಡು, ಬಾಗಿಲ ಒಳಬದಿಯಲ್ಲಿ ಎಲ್ಲರೂ ಚಪ್ಪಲಿ ಬಿಡುವ ಆ ತಗ್ಗಿನ ಜಾಗದಲ್ಲಿ ಕೂತುಬಿಡುತ್ತಾಳೆ. ಪಕ್ಕದಲ್ಲಿ ಭೂಕಂಪದ ಬ್ಯಾಗು. ಅದರಲ್ಲಿ ನೀರು, ಟಾರ್ಚು, ಪಾಸ್‌ಪೋರ್ಟಿನ ಜೆರಾಕ್ಸು, ಎರಡು ಪ್ಯಾಕೆಟ್ ಅವಲಕ್ಕಿ. ಬಾಗಿಲು ನಾಲ್ಕು ಬೆರಳಗಲ ತೆರೆದಿರುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲು ಅದು. ಮುಚ್ಚದಿರಲಿ ಅಂತ ಸಂದಿಯಲ್ಲಿ ಕೃತಿಯ ಹಳೆಯ ಬೂಟೊಂದನ್ನು ಸಿಕ್ಕಿಸಿರುತ್ತಾಳೆ. ಯಾರೂ ಒಳಗೆ ನುಗ್ಗದಿರಲಿ ಅಂತ ಮೇಲೆ ಉಕ್ಕಿನ ಕೊಂಡಿ. ಮಧ್ಯಾಹ್ನ ಮೂರೂವರೆಗೆ ಕೃತಿ ಬಂದು ಸಂದಿಯಲ್ಲಿ ಬೆರಳು ತೂರಿಸಿ, “ತದೈಮಾ! ಬಂದೆ ಅಮ್ಮಾ, ಮೂವ್ ಆಗು” ಎನ್ನುವವರೆಗೆ ಅವಳು ಅಲ್ಲೇ.

ಆ ಕೊಂಡಿಯ ಸ್ವಭಾವ ಹೇಗೆಂದರೆ, ಅದನ್ನು ಬಿಡಿಸಬೇಕಾದರೆ ಬಾಗಿಲನ್ನು ಮೊದಲು ಪೂರ್ತಿ ಮುಚ್ಚಬೇಕು. ಮುಚ್ಚಿ, ಕೊಂಡಿ ಮಡಿಸಿ, ಮತ್ತೆ ತೆಗೆಯಬೇಕು. ಮೂರು ಎಣಿಸುವಷ್ಟು ಹೊತ್ತಿನ ಕೆಲಸ. ಚಂದ್ರಪ್ರಭಾಳಿಗೆ ಆ ಮೂರು ಎಣಿಕೆ ಒಬ್ಬಳಿಂದ ಆಗುತ್ತಿರಲಿಲ್ಲ. ಕೃತಿ ಹೊರಗೆ ನಿಂತು “ಇಚಿ, ನಿ, ಸಾನ್” ಅಂತ ಜಪಾನಿಯಲ್ಲಿ ಒಂದು ಎರಡು ಮೂರು ಕೂಗಬೇಕು; ಆಗ ಮಾತ್ರ ಅವಳು ಕಣ್ಣು ಮುಚ್ಚಿ ಮುಚ್ಚುತ್ತಿದ್ದಳು. ಮಗು ಇದನ್ನೊಂದು ಆಟ ಅಂದುಕೊಂಡಿತ್ತು. ಇಲ್ಲವೇ ಹಾಗೆ ನಟಿಸುತ್ತಿತ್ತು. ಎಂಟು ವರ್ಷದ ಮಕ್ಕಳಿಗೆ ಏನೇನು ಗೊತ್ತಿರುತ್ತದೋ!

ಕೊಂಡಿ ಹಾಕಿದ ಬಾಗಿಲಿನಿಂದ ಆಪತ್ತಿಗೆ ಏನೂ ಉಪಯೋಗವಿಲ್ಲವೆಂದು ಚಂದ್ರಪ್ರಭಾಳಿಗೂ ಗೊತ್ತಿತ್ತು. ಅವಳೇನು ದಡ್ಡಿಯಲ್ಲ, ಮೈಸೂರಿನಲ್ಲಿ ಗಣಿತದ ಪಾಠ ಹೇಳಿದವಳು. ಆದರೆ ಆ ನಾಲ್ಕು ಬೆರಳಗಲದ ಬೆಳಕು ಕಾಣುತ್ತಿದ್ದರೆ ಉಸಿರಾಡಲಾಗುತ್ತಿತ್ತು. ಇಲ್ಲವಾದರೆ ಇಲ್ಲ. ಇದರಲ್ಲಿ ಗಣಿತವೇನೂ ಇರಲಿಲ್ಲ.

ಶುರುವಾದದ್ದು ಎಂಟು ವರ್ಷದ ಹಿಂದೆ ಎನ್ನಬಹುದು. ದೊಡ್ಡ ಭೂಕಂಪದ ದಿನ, ಟೋಕಿಯೋದ ಓಜಿಮಾ ಬಡಾವಣೆಯ ಇದೇ ಕಟ್ಟಡದ ಇದೇ ಹನ್ನೊಂದನೇ ಮಹಡಿಯಲ್ಲಿ, ಆರು ತಿಂಗಳ ಕೃತಿಯನ್ನು ಎತ್ತಿಕೊಂಡು ಅವಳು ಬಾಗಿಲಿಗೆ ಓಡಿದಾಗ ಚೌಕಟ್ಟು ವಾಲಿ ಬಾಗಿಲು ಕಚ್ಚಿಕೊಂಡಿತ್ತು. ಗಂಡ ಶ್ರೀಕಂಠ ಶಿನಾಗಾವಾದ ಆಫೀಸಿನಲ್ಲಿ. ಫೋನು ಸತ್ತಿತ್ತು. ನಲವತ್ತು ನಿಮಿಷ ಅವಳು ಬಾಗಿಲು ಬಡಿದಳು, ಕನ್ನಡದಲ್ಲಿ ಕೂಗಿದಳು. ಕೊನೆಗೆ ಪಕ್ಕದ ಮನೆಯ ಇವಾಸಾಕಿ ಸಾನ್, ನಮ್ಮಲ್ಲಾದರೆ ಇವಾಸಾಕಿಯವರು, ಎಂಬ ಮುದುಕರು ಕಬ್ಬಿಣದ ಸರಳು ತಂದು ಹೊರಗಿನಿಂದ ಮೀಟಿ ತೆಗೆದರು. ತೆಗೆದವರು ತಮ್ಮದೇ ತಪ್ಪೆಂಬಂತೆ “ಸುಮಿಮಾಸೆನ್, ಕ್ಷಮಿಸಿ, ತಡವಾಯಿತು” ಎಂದು ಬಗ್ಗಿದರು. ಆಮೇಲೆ ಬಾಗಿಲು ಹೊಸದಾಯಿತು, ಬದುಕು ನಡೆಯಿತು. ಏಳೂವರೆ ವರ್ಷ ಅವಳಿಗೆ ಏನೂ ಆಗಲಿಲ್ಲ. ಸೈಕಲ್ಲಿನಲ್ಲಿ ಮಗುವನ್ನು ಕೂರಿಸಿಕೊಂಡು ನದಿಯ ತನಕ ಹೋಗುತ್ತಿದ್ದಳು, ಸಣ್ಣ ಅದುರು ಬಂದರೆ ಉಳಿದವರಂತೆ ಸೀಲಿಂಗಿನ ದೀಪ ನೋಡಿ, ನಿಂತ ಮೇಲೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಕಳೆದ ಅಕ್ಟೋಬರಿನಲ್ಲಿ ಅಂಥದ್ದೇ ಒಂದು ಸಣ್ಣ ಅದುರಿಗೆ ಲಿಫ್ಟು ನಡುವೆ ನಿಂತಿತು. ಒಳಗೆ ಅವಳೊಬ್ಬಳೇ, ಕೈಯಲ್ಲಿ ಈರುಳ್ಳಿಯ ಚೀಲ. ಗೋಡೆಯ ತೂತಿನಿಂದ ಯಾರೋ ಬಹಳ ಮರ್ಯಾದೆಯಾಗಿ ಜಪಾನಿಯಲ್ಲಿ ಏನೋ ಹೇಳುತ್ತಿದ್ದರು. ಇಪ್ಪತ್ತು ನಿಮಿಷ. ಅಷ್ಟೇ. ಮರುದಿನದಿಂದ ಲಿಫ್ಟಿಲ್ಲ, ಅದರ ಮರುವಾರದಿಂದ ಟ್ರೈನಿಲ್ಲ, ನವೆಂಬರಿನಲ್ಲಿ ಈ ಬೂಟು, ಈ ಸಂದಿ. ಕೇಳಿದವರಿಗೆ “ಮೊಣಕಾಲು ನೋವು” ಎಂದಳು. ಶ್ರೀಕಂಠ ಭಾನುವಾರಗಳಲ್ಲಿ ತರಕಾರಿ ತಂದುಹಾಕಿ, ಮೊಣಕಾಲಿಗೆ ಒಂದು ಪಟ್ಟಿಯನ್ನೂ ತಂದುಕೊಟ್ಟ. ಅವಳು ಅದನ್ನು ಹಾಕಿಕೊಂಡಳು ಕೂಡ.

ಫೆಬ್ರವರಿಯಲ್ಲಿ, ಆ ತಗ್ಗಿನಲ್ಲಿ ಕೂತುಕೊಂಡೇ, ಅವಳು ಫೋನಿನಲ್ಲಿ ಹುಡುಕತೊಡಗಿದಳು. ಹುಚ್ಚಿಗೆ ಡಾಕ್ಟರು ಅಂತ ಹುಡುಕಲು ಧೈರ್ಯವಾಗಲಿಲ್ಲ. ಯಾವುದೋ ಇಂಗ್ಲಿಷ್ ಲೇಖನದಲ್ಲಿ ಓದಿದ ಹೆಸರು ಹಿಡಿಸಿತ್ತು: ಲೈಸೆನ್ಸ್ ಇರುವ ಕ್ಲಿನಿಕಲ್ ಸೋಷಿಯಲ್ ವರ್ಕರ್. ಮಾತು ಕೇಳುತ್ತಾರೆ, ದಾರಿ ತೋರಿಸುತ್ತಾರೆ, ಬೇಕಾದರೆ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುತ್ತಾರೆ. ಅದರ ಮುಂದೆ “ನನ್ನ ಹತ್ತಿರ” ಎಂದು ಸೇರಿಸಿದಳು. ಫೋನು ಮೊದಲು ಅಮೆರಿಕದ ಪಿನ್‌ಕೋಡ್ ಕೇಳಿತು. ಆಮೇಲೆ ಟೋಕಿಯೋದ ಪಟ್ಟಿಯೊಂದು ಸಿಕ್ಕಿತು. ಹದಿನಾರು ಹೆಸರು, ನಗುವ ಫೋಟೋ, ಯಾವ ಯಾವ ಭಾಷೆ ಬರುತ್ತದೆ ಅಂತ ಕೆಳಗೆ ಸಾಲು. ಫ್ರೆಂಚು, ತಗಲಾಗ್, ಪೋರ್ಚುಗೀಸು. ಕನ್ನಡವನ್ನು ಅವಳು ಹುಡುಕಲೇ ಇಲ್ಲ ಎನ್ನಲಾರೆ. ಹದಿನಾರು ಹೆಸರಿನ ಕೆಳಗೂ ಬೆರಳಿಟ್ಟು ನೋಡಿದಳು. ಇರಲಿ, ಇಂಗ್ಲಿಷಾದರೂ ಆದೀತು. ಆದರೆ ಎಲ್ಲರೂ ಊರಿನ ಆ ಕಡೆ, ನಲವತ್ತು ನಿಮಿಷದ ಟ್ರೈನು, ಎರಡು ಕಡೆ ಬದಲಾವಣೆ. ಟ್ರೈನು ಹತ್ತಲು ಆಗುವುದಿಲ್ಲ ಎಂಬುದೇ ಕಾಯಿಲೆ. ಅದಕ್ಕೆ ಔಷಧಿ ಟ್ರೈನಿನ ಆ ತುದಿಯಲ್ಲಿ. ಇಬ್ಬರಿಗೆ ಫೋನು ಮಾಡಿದಳು. ಒಬ್ಬರು ಜೂನ್‌ವರೆಗೆ ಖಾಲಿಯಿಲ್ಲ ಎಂದರು. ಇನ್ನೊಬ್ಬರ ಫೋನಿನಲ್ಲಿ ಸಂಗೀತ ಬರುತ್ತಲೇ ಇತ್ತು.

ಆಗ ಅವಳು ಎಲ್ಲ ಕನ್ನಡಿಗರೂ ಕೊನೆಗೆ ಮಾಡುವುದನ್ನೇ ಮಾಡಿದಳು. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದಳು.

‘ಓಜಿಮಾ ಕನ್ನಡತಿಯರು’ ಗ್ರೂಪಿನಲ್ಲಿ ನಲವತ್ಮೂರು ಜನ. ಕರಿಬೇವು ಯಾವ ಅಂಗಡಿಗೆ ಬಂದಿದೆ, ಹಲ್ಲಿನ ಡಾಕ್ಟರು ಯಾರು ಒಳ್ಳೆಯವರು, ಊರಿಗೆ ಹೋಗುವವರ ಸೂಟ್‌ಕೇಸಿನಲ್ಲಿ ಎರಡು ಕೇಜಿ ಜಾಗ ಇದೆಯಾ, ಎಲ್ಲಕ್ಕೂ ಅಲ್ಲಿ ಐದು ನಿಮಿಷದಲ್ಲಿ ಉತ್ತರ. ಅವಳು ಬರೆದಳು: “ಎಲ್ಲರಿಗೂ ನಮಸ್ಕಾರ. ನನ್ನ ಫ್ರೆಂಡ್ ಒಬ್ಬರಿಗೆ ಬೇಕಿತ್ತು. ನಮ್ಮ ಏರಿಯಾದಲ್ಲೇ, ನಡೆದು ಹೋಗುವಷ್ಟು ಹತ್ತಿರ, ಲೈಸೆನ್ಸ್ ಇರುವ ಕ್ಲಿನಿಕಲ್ ಸೋಷಿಯಲ್ ವರ್ಕರ್ ಯಾರಾದರೂ ಗೊತ್ತಾ? ಇಂಗ್ಲಿಷ್ ಬಂದರೆ ಸಾಕು.”

ಆ ‘ಫ್ರೆಂಡ್ ಒಬ್ಬರಿಗೆ’ ಎನ್ನುವುದನ್ನು ಅವಳು ಯೋಚಿಸಿ ಬರೆದದ್ದಲ್ಲ. ಹೆಬ್ಬೆರಳೇ ಬರೆದುಬಿಟ್ಟಿತು.

ಉತ್ತರಗಳು ಬಂದವು. “ಸೋಷಿಯಲ್ ವರ್ಕರ್ ಅಂದ್ರೆ ಯಾರ್ರೀ? ನಮ್ ಬಸವನಗುಡೀಲಿ ಫ್ಲೆಕ್ಸ್ ಮೇಲೆ ಕೈಮುಗ್ಕೊಂಡ್ ನಿಂತಿರ್ತಾರಲ್ಲ, ಅವ್ರಾ?” ಎಂದು ಕಮಲಾ. “ಪ್ರಾಣಾಯಾಮ ಮಾಡ್ಸಿ, ನಮ್ ನಾದಿನಿಗೆ ಹದ್ನೈದ್ ದಿನದಲ್ಲಿ ಸರಿಹೋಯ್ತು” ಎಂದು ಇನ್ನೊಬ್ಬರು. “ಯಾರಿಗೆ?” “ಯಾವ ಬಿಲ್ಡಿಂಗು?” “ಹೆಸ್ರು ಬೇಡಪ್ಪ, ಮಹಡಿ ಹೇಳಿ ಸಾಕು.” ಕೊನೆಗೆ ಗ್ರೂಪಿನ ಯಜಮಾನಿ ಮಾಲತಿ ಬರೆದಳು: “ಲೇಡೀಸ್, ಪ್ರೈವೇಟ್ ಮ್ಯಾಟರ್. ಇಲ್ಲಿ ಡಿಸ್ಕಸ್ ಬೇಡ.” ಬರೆದು ನಾಲ್ಕು ನಿಮಿಷಕ್ಕೆ ಅವಳೇ ಫೋನು ಮಾಡಿದಳು.

ಮಾಲತಿ ಹದಿನಾಲ್ಕು ವರ್ಷದಿಂದ ಓಜಿಮಾದಲ್ಲಿರುವವಳು. ದೊಡ್ಡ ಗಂಟಲು, ದೊಡ್ಡ ಕುಕ್ಕರು, ದೊಡ್ಡ ಮನಸ್ಸು. ಯಾರ ಮನೆಯಲ್ಲಿ ಹೆರಿಗೆಯಾದರೂ, ಊರಿನಿಂದ ಅಮ್ಮನಿಗೆ ವೀಸಾ ಸಿಗುವವರೆಗೆ, ಊಟದ ಸರದಿಯ ಹಾಳೆ ಮಾಡಿ ಮನೆಮನೆಯಿಂದ ಡಬ್ಬಿ ಕಳಿಸುವವಳು.

“ಪ್ರಭಾ, ಹೇಳ್ಬೇಡಿ. ನೀವು ಹೇಳ್ಲೇಬೇಡಿ. ನಂಗೊತ್ತಾಯ್ತು.”

ಚಂದ್ರಪ್ರಭಾ ಸಂದಿಯ ಬೂಟನ್ನು ಇನ್ನಷ್ಟು ಒಳಗೆ ಒತ್ತಿದಳು. “ಏನು ಗೊತ್ತಾಯ್ತು?”

“ಶ್ರೀರಕ್ಷಾ ತಾನೇ? ನಾಲ್ಕನೇ ಬ್ಲಾಕು, ವಿಘ್ನೇಶ್ ವೈಫು. ಸಂಕ್ರಾಂತಿಗೆ ಎಳ್ಳು-ಬೆಲ್ಲಕ್ಕೆ ಕರೆದ್ರೆ ಬರ್ಲಿಲ್ಲ. ಬಾಲ್ಕನೀಲಿ ಒಬ್ಳೇ ನಿಂತ್ಕೊಂಡು ತನ್ ಪಾಡಿಗ್ ತಾನು ಮಾತಾಡ್ತಿರ್ತಾಳೆ, ಕಮಲಾ ಕಣ್ಣಾರೆ ನೋಡಿದಾರೆ. ಪಾಪ, ಮದ್ವೆ ಆಗಿ ಇನ್ನೂ ವರ್ಷ ತುಂಬಿಲ್ಲ ಕಣ್ರೀ.”

“ಹಾಗೇನಿಲ್ಲ ಮಾಲತಿ...”

“ನೋಡಿ, ನೋಡಿ! ಫ್ರೆಂಡ್ ಅಂದ್ರೆ ಹೀಗಿರ್ಬೇಕು. ಬಾಯೇ ಬಿಡ್ತಿಲ್ಲ ನೀವು. ಬಿಡ್ಬೇಡಿ. ಇನ್ನು ನಂಗ್ ಬಿಡಿ.”

ಒಂದು ಮಾತು ಸಾಕಿತ್ತು. ಚಂದ್ರಪ್ರಭಾ ಶ್ರೀರಕ್ಷಾಳನ್ನು ನೋಡಿದ್ದೇ ಎರಡು ಸಲ. “ಅವಳಲ್ಲ” ಎಂದು ಹೇಳಬಹುದಿತ್ತು. ಆದರೆ ಅವಳಲ್ಲ ಎಂದರೆ, ಮತ್ಯಾರು ಎನ್ನುತ್ತಾರೆ. ಫೋನು ಇಟ್ಟಾಗ ಅವಳಿಗೆ ನಾಚಿಕೆಗಿಂತ ಮೊದಲು ಹಗುರವೆನಿಸಿತು. ಈಗಿನ್ನು ಯಾರೂ ಅವಳ ಬಾಗಿಲ ಕಡೆ ನೋಡುವುದಿಲ್ಲ.

ಸೋಮವಾರದಿಂದ ಸರದಿ ಶುರುವಾಯಿತು. ಮಾಲತಿಯ ಕಟ್ಟಪ್ಪಣೆ: “ಹೊಸಬ್ರಲ್ವಾ, ವೆಲ್ಕಮ್ ಅಂತ ಅಷ್ಟೇ ಹೇಳಿ. ಕಾರಣ ಎತ್ತಂಗಿಲ್ಲ.” ಶ್ರೀರಕ್ಷಾ ಇಲ್ಲದ ಬೇರೊಂದು ಗ್ರೂಪು ಮಾಡಿದರು. ಡಬ್ಬಿ ಕೊಟ್ಟು ಬಂದವರು ಅಲ್ಲಿ ವರದಿ ಒಪ್ಪಿಸುತ್ತಿದ್ದರು. “ವಾಂಗಿಬಾತ್ ತಗೊಂಡ್ಳು, ಆದ್ರೆ ಸರಿಯಾಗ್ ನಗ್ಲಿಲ್ಲ.” “ನಂಗೆ ನಕ್ಕಳು, ಆದ್ರೆ ಬಲವಂತದ ನಗು.” “ನನ್ ಮುಂದೆ ಜೋರಾಗೇ ನಕ್ಕಳಪ್ಪ. ಅದೂ ಒಳ್ಳೇ ಲಕ್ಷಣ ಅಲ್ವಂತೆ.” ಎಲ್ಲ ಓದುತ್ತ ಚಂದ್ರಪ್ರಭಾ ತಗ್ಗಿನಲ್ಲಿ ಕೂತಿರುತ್ತಿದ್ದಳು. ಗುರುವಾರ ಅವಳದೇ ಸರದಿ. ಮೊದಲ ಗುರುವಾರ ಜ್ವರ ಎಂದಳು.

ಎರಡನೇ ಗುರುವಾರ ಬಿಸಿಬೇಳೆಬಾತ್ ಮಾಡಿದಳು. ಸುಳ್ಳಿಗೆ ಪ್ರಾಯಶ್ಚಿತ್ತ ಎಂಬಂತೆ ಮಸಾಲೆಯನ್ನು ಹೊಸದಾಗಿ ಹುರಿದು ಕುಟ್ಟಿದಳು. ಮೂರು ಹಂತದ ಸ್ಟೀಲ್ ಡಬ್ಬಿಗೆ ತುಂಬಿ, ಬೂಟು ಕಟ್ಟಿಕೊಂಡು, ಹನ್ನೊಂದು ಮಹಡಿ ಮೆಟ್ಟಿಲಿಳಿದು ನಾಲ್ಕನೇ ಬ್ಲಾಕಿಗೆ ಹೋಗುವುದೆಂದು ತೀರ್ಮಾನಿಸಿದಳು. ಹೋಗಬೇಕಾದರೆ ಕೊಂಡಿ ತೆಗೆಯಬೇಕು. ಹನ್ನೊಂದೂವರೆಗೆ ಕೂತವಳು ಒಂದೂವರೆಯಾದರೂ ಎದ್ದಿರಲಿಲ್ಲ. ಡಬ್ಬಿ ತಣ್ಣಗಾಗಿತ್ತು.

ಲಿಫ್ಟು ನಿಂತ ಸದ್ದಾಯಿತು. ಚುರುಕಾದ ಹೆಜ್ಜೆಗಳು ಬಂದು ಸಂದಿಯ ಬೆಳಕನ್ನು ಅರ್ಧ ಮುಚ್ಚಿದವು.

“ಚಂದ್ರಪ್ರಭಾ ಅಕ್ಕ ಇದಾರಾ? ನಾನು ಶ್ರೀರಕ್ಷಾ. ಬಾಗ್ಲು ತೆಗೀರಿ.”

“ತೆಗ್ದೇ ಇದೆಯಲ್ಲಮ್ಮ.”

“ಪೂರ್ತಿ ತೆಗೀರಿ ಅಕ್ಕಾ, ಮಾತಾಡ್ಬೇಕು.”

ಚಂದ್ರಪ್ರಭಾ ಕೂತಲ್ಲಿಂದ ಏಳಲಿಲ್ಲ. “ಹೀಗೇ ಹೇಳು.”

ಹುಡುಗಿಯ ಮಾತು ಬುಳುಬುಳು ಹರಿಯಿತು. “ಸರಿ. ನಿಮ್ ಫ್ರೆಂಡ್ ಯಾರಕ್ಕಾ? ಎರಡ್ ವಾರದಿಂದ ದಿನಾ ಒಬ್ರು ಡಬ್ಬಿ ತರ್ತಿದಾರೆ. ಟೋಕಿಯೋ ಕನ್ನಡದವ್ರು ಎಷ್ಟ್ ಒಳ್ಳೇವ್ರು ಅಂತ ಅಮ್ಮಂಗೆ ವಿಡಿಯೋ ಕಾಲಲ್ಲಿ ಒಂದೊಂದ್ ಡಬ್ಬೀನೂ ತೋರಿಸ್ತಿದ್ದೆ ನಾನು! ಮೊನ್ನೆ ವಿಘ್ನೇಶ್‌ಗೆ ಆಫೀಸಲ್ಲಿ ಯಾರೋ ಕೇಳಿದಾರೆ, ವೈಫ್‌ಗೆ ಡಾಕ್ಟರ್ ಸಿಕ್ಕಿದ್ರಾ ಅಂತ. ಅವ್ನು ಮನೆಗ್ ಬಂದು ಚಾಕುಗಳನ್ನೆಲ್ಲ ಮೇಲಿನ್ ಶೆಲ್ಫಿಗೆ ಎತ್ತಿಟ್ಟಿದಾನೆ. ನಾನ್ ಬೀನ್ಸ್ ಹೆಚ್ಚೋದ್ ಹೇಗೆ? ಕೈಯಲ್ಲಿ ಮುರೀತಿದೀನಿ.”

ಚಂದ್ರಪ್ರಭಾಳಿಗೆ ನಗು ಬಂತು, ಬಂದದ್ದಕ್ಕೆ ಅಸಹ್ಯವಾಯಿತು.

“ನಗ್ಬೇಡಿ ಅಕ್ಕಾ. ಊರಿಗೆ ಟಿಕೆಟ್ ನೋಡ್ತಿದಾನೆ ಅವ್ನು. ಆರು ತಿಂಗಳು ರೆಸ್ಟ್ ತಗೋ ಅಂತ. ಏಪ್ರಿಲ್‌ಗೆ ನಂಗೆ ಲ್ಯಾಂಗ್ವೇಜ್ ಸ್ಕೂಲಲ್ಲಿ ಸೀಟ್ ಸಿಕ್ಕಿದೆ. ಬಾಲ್ಕನೀಲಿ ನಿಂತು ಒಬ್ಳೇ ಮಾತಾಡ್ತಿದ್ದಿದ್ದು ಅದಕ್ಕೇ. ಜಪಾನೀಸ್ ಪ್ರಾಕ್ಟೀಸು! ಸಂಕ್ರಾಂತಿ ದಿನ ಅದರದ್ದೇ ಎಂಟ್ರೆನ್ಸ್ ಟೆಸ್ಟು! ಮಾಲತಿ ಆಂಟಿನ ಕೇಳಿದ್ರೆ, ‘ಚಂದ್ರಪ್ರಭಾಗೆ ಎಲ್ಲಾ ಗೊತ್ತು, ಅವ್ರು ನಿನ್ ಹೆಸ್ರು ಬಾಯ್ಬಿಡ್ಲೇ ಇಲ್ಲ, ಅಷ್ಟ್ ಒಳ್ಳೆ ಫ್ರೆಂಡು’ ಅಂತಾರೆ. ನಾನು ನಿಮ್ ಫ್ರೆಂಡ್ ಯಾವಾಗ್ ಆದೆ?”

“ತಪ್ಪಾಯ್ತಮ್ಮ.”

“ನಂಗೇ ಡೌಟ್ ಬಂತು, ಗೊತ್ತಾ? ಇಷ್ಟ್ ಜನ ಹೇಳ್ತಿದಾರೆ ಅಂದ್ರೆ ಇರ್ಬೋದೇನೋ ಅಂತ. ಇವತ್ ಬೆಳಿಗ್ಗೆ ವಾರ್ಡ್ ಆಫೀಸಿಗೆ ಹೋದೆ. ಅವ್ರು ಆರೋಗ್ಯ ಕೇಂದ್ರಕ್ಕೆ ಕಳ್ಸಿದ್ರು, ಇಲ್ಲೇ ಹನ್ನೆರಡ್ ನಿಮಿಷದ ದಾರಿ. ಓಗಾವಾ ಸಾನ್ ಅಂತ ಒಬ್ರು, ನೀವು ಗ್ರೂಪಲ್ಲಿ ಬರೆದಿದ್ರಲ್ಲ, ಅದೇ. ಲೈಸೆನ್ಸ್ ಇರೋ ಸೋಷಿಯಲ್ ವರ್ಕರು. ಅರ್ಧ ಗಂಟೆ ಮಾತಾಡ್ಸಿ, ನಿಂಗೇನೂ ಆಗಿಲ್ಲಮ್ಮ, ಆದ್ರೆ ಆ ಫ್ರೆಂಡ್ ಯಾರೋ ಅವ್ರಿಗೆ ಈ ಕಾರ್ಡ್ ಕೊಡು ಅಂದ್ರು. ತಗೊಳ್ಳಿ. ಈಗಾದ್ರೂ ಹೇಳಿ, ಯಾರು...”

ಕಾರ್ಡು ಹಿಡಿದ ಕೈ ಸಂದಿಯಲ್ಲಿ ಬಂತು. ಕಾರ್ಡು ಕೊಡಲು ಬಗ್ಗಿದವಳ ಒಂದು ಕಣ್ಣು ಒಳಗೆ ನೋಡಿತು. ಬಿಗಿಯಾಗಿ ಕಟ್ಟಿದ ಬೂಟು. ಬ್ಯಾಗು. ತಣ್ಣಗಾದ ಡಬ್ಬಿ. ಸಂದಿಗೆ ಸಿಕ್ಕಿಸಿದ ಮಗುವಿನ ಬೂಟು. ನೆಲದಲ್ಲಿ ಕೂತ ಹೆಂಗಸು.

ಅವಳ ದನಿ ಇಳಿಯಿತು. “ಅಕ್ಕಾ... ಎಷ್ಟ್ ಹೊತ್ತಿಂದ ಹೀಗ್ ಕೂತಿದೀರಾ?”

“ನವೆಂಬರಿಂದ” ಎಂದಳು ಚಂದ್ರಪ್ರಭಾ.

ಕಾರಿಡಾರಿನ ತುದಿಯಲ್ಲಿ ಯಾರದೋ ವಾಷಿಂಗ್ ಮೆಷೀನು ಕೆಲಸ ಮುಗಿಸಿ ಪೀಪೀ ಎಂದಿತು. ಆಮೇಲೆ ಶ್ರೀರಕ್ಷಾ, “ಅವ್ರು ಮನೆಗೂ ಬರ್ತಾರಂತೆ. ಹೊರಗ್ ಬರೋಕಾಗ್ದೇ ಇರೋರು ಇಲ್ಲಿ ತುಂಬ ಜನ ಇದಾರಂತೆ” ಎಂದಳು. ಎದ್ದು ನಿಂತಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. “ಆದ್ರೆ ಗ್ರೂಪಲ್ಲಿ ಬರೀರಿ ಅಕ್ಕಾ. ಇವತ್ತೇ ಬರೀರಿ. ಅವ್ನು ಟಿಕೆಟ್ ಬುಕ್ ಮಾಡೋಕ್ ಮುಂಚೆ.”

ಚಂದ್ರಪ್ರಭಾ ಡಬ್ಬಿಯನ್ನು ಎತ್ತಿ ಸಂದಿಯ ಹತ್ತಿರ ತಂದಳು. ಡಬ್ಬಿ ಹಾಯಲಿಲ್ಲ. ಹೆಜ್ಜೆಗಳು ಆಗಲೇ ಲಿಫ್ಟಿನ ಕಡೆ ಹೊರಟಿದ್ದವು.

ಮೊದಲು ಅವಳು ಕಾರ್ಡಿನ ನಂಬರಿಗೆ ಫೋನು ಮಾಡಿದಳು. ಓಗಾವಾ ಸಾನ್ ನಿಧಾನವಾಗಿ, ಒಂದೊಂದು ಪದವನ್ನೂ ಒರೆಸಿಟ್ಟಂತೆ, ಇಂಗ್ಲಿಷ್ ಮಾತಾಡಿದರು. ಯಾರಿಗೆ ಎಂದು ಕೇಳಿದರು. ಅಷ್ಟೆಲ್ಲ ಆದ ಮೇಲೂ ಚಂದ್ರಪ್ರಭಾಳ ಬಾಯಿ ಹೇಳಿದ್ದು, “ಫಾರ್ ಮೈ ಫ್ರೆಂಡ್.” ಫ್ರೆಂಡಿನ ವಿಳಾಸ ಎಂದು ತನ್ನದೇ ವಿಳಾಸ ಕೊಟ್ಟಳು. ಮನೆಗೆ ಬರಲು ಅವರಿಗೆ ಬಿಡುವಿದ್ದದ್ದು ಏಪ್ರಿಲ್ ಎರಡನೇ ಬುಧವಾರ, ಹತ್ತು ಗಂಟೆಗೆ. ಐದು ವಾರ. ಆಗಬಹುದೇ ಎಂದರು. ಆಗಬಹುದು ಎಂದಳು.

ಫೋನಿಟ್ಟು, ತಾನು ಈಗಷ್ಟೇ ಹೇಳಿದ್ದನ್ನು ನೆನೆದು, ಗ್ರೂಪು ತೆರೆದಳು. ಆ ನಾಲ್ಕು ಸಾಲು ಬರೆಯಲು ಕೃತಿ ಬರುವ ಹೊತ್ತಾಯಿತು. “ನಾನು ಹೇಳಿದ ಫ್ರೆಂಡ್ ನಾನೇ. ಶ್ರೀರಕ್ಷಾಗೆ ಏನೂ ಆಗಿಲ್ಲ. ಮಾಲತಿ ಕೇಳಿದಾಗ ನಾನು ಸುಮ್ಮನಿದ್ದದ್ದು ತಪ್ಪು. ಎಲ್ಲರೂ ಕ್ಷಮಿಸಿ.”

ಗ್ರೂಪು ಸುಮ್ಮನಾಯಿತು. ಹಲ್ಲುನೋವಿಗೂ ಐದು ನಿಮಿಷದಲ್ಲಿ ಹನ್ನೆರಡು ಔಷಧಿ ಹೇಳುವ ಗ್ರೂಪು. ಓದಿದವರ ಸಂಖ್ಯೆ ಏರುತ್ತಿತ್ತು: ಒಂಬತ್ತು, ಇಪ್ಪತ್ತಾರು, ಮೂವತ್ತೊಂಬತ್ತು. ಬೀದಿಯ ಲೌಡ್‌ಸ್ಪೀಕರಿನಲ್ಲಿ ಮಕ್ಕಳನ್ನು ಮನೆಗೆ ಕರೆಯುವ ಸಂಜೆ ಐದರ ರಾಗ ಬಂತು, ನಿಂತಿತು. ಯಾರೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಕಮಲಾ, “ಮೊಸರಿನ ಹೆಪ್ಪು ಯಾರ ಹತ್ರ ಇದೆ?” ಎಂದು ಕೇಳಿದಳು. ತಡೆ ಹಿಡಿದಿದ್ದ ನೀರು ಬಿಟ್ಟಂತೆ ಇಪ್ಪತ್ತೆರಡು ಜನ ಹೆಪ್ಪು ಕೊಡಲು ಮುಂದೆ ಬಂದರು. ಊಟದ ಸರದಿಯ ಹಾಳೆಯನ್ನು ಮಾಲತಿ ಅಳಿಸಿದಳು. ಹೊಸ ಹೆಸರಿನಲ್ಲಿ ಹೊಸ ಹಾಳೆ ಬರಲಿಲ್ಲ. ಎರಡು ದಿನ ಬಿಟ್ಟು ಶ್ರೀರಕ್ಷಾಳಿಂದ ಒಂದೇ ಸಾಲು ಬಂತು: “ಟಿಕೆಟ್ ಕ್ಯಾನ್ಸಲ್.”

ಹೆಂಗಸರ ಗ್ರೂಪಿನ ಸುದ್ದಿ ಗಂಡಸರ ಗ್ರೂಪಿಗೆ ಇಳಿಯಲು ಭಾನುವಾರದವರೆಗೆ ಹಿಡಿಯಿತು. ಶ್ರೀಕಂಠ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತ.

“ಮೊಣಕಾಲು ಅಂದಿದ್ದೆ ನೀನು.”

“ಹೂಂ.”

“ನಂಗ್ಯಾಕೆ ಹೇಳ್ಲಿಲ್ಲ ಪ್ರಭಾ?”

“ನೀವು ಪಟ್ಟಿ ತಂದ್ಕೊಟ್ರಲ್ಲ. ಆಮೇಲೆ ಹೇಗ್ ಹೇಳ್ಲಿ?”

ಅವನು ಲೋಟವನ್ನು ತೊಳೆದೇ ಇಟ್ಟ. ಹಾಗೆ ಅವನು ತೊಳೆದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. “ಒಂದಾರ್ ತಿಂಗಳು ಅಮ್ಮನ ಮನೇಲಿ ಇದ್ದು ಬರ್ತೀಯಾ?”

“ಅಲ್ಲಿಗ್ ಹೋಗೋಕೆ ಲಿಫ್ಟು, ಟ್ರೈನು, ವಿಮಾನ. ಎಲ್ಲಾ ಕಡೆ ಬಾಗ್ಲು ಮುಚ್ತಾರೆ ರೀ. ಏಪ್ರಿಲ್‌ನಲ್ಲಿ ಒಂದ್ ಬುಧವಾರ ಆರೋಗ್ಯ ಕೇಂದ್ರದವ್ರೇ ಮನೆಗ್ ಬರ್ತಾರೆ.”

“ಹಾಗಾದ್ರೆ ಅವ್ರು ಬರೋ ಬುಧವಾರ ನಾನ್ ರಜ ಹಾಕ್ಲಾ? ಅವತ್ತು ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ಆದ್ರೂ...”

“ಬೇಡ ಬಿಡಿ” ಎಂದಳು. ಅವನು ಇನ್ನೊಂದು ಸಲ ಕೇಳಿದ್ದರೆ ಹೂಂ ಎನ್ನುತ್ತಿದ್ದಳು. ಅವನು ಕೇಳಲಿಲ್ಲ.

ಯುಗಾದಿಗೆ ಎರಡು ದಿನ ಮೊದಲು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸಂದಿಯ ಬೆಳಕು ಮತ್ತೆ ಕದಲಿತು. ಲಿಫ್ಟಿನಿಂದ ಬಂದ ಹೆಜ್ಜೆಗಳು ತೀರ ಮೆಲ್ಲಗಿದ್ದವು. ಬಾಗಿಲ ಹಿಡಿಗೆ ಒಂದು ಸಣ್ಣ ಚೀಲ ನೇತಾಡಿತು. ನೇತುಹಾಕುವ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಅವು ಸದ್ದು ಮಾಡದಿರಲೆಂದು ಇನ್ನೊಂದು ಕೈ ಆ ಬಳೆಗಳನ್ನು ಒತ್ತಿ ಹಿಡಿದುಕೊಂಡಿತ್ತು. ಅಂಥ ಬಳೆಗಳು ಓಜಿಮಾದಲ್ಲಿ ಒಬ್ಬಳಿಗೇ. ಮೂರನೇ ಮಹಡಿಯಿಂದ ಐದನೇ ಮಹಡಿಗೆ ಕೂಗಿ ಮಾತಾಡುವ ಮಾಲತಿ, ಒಂದು ಮೊಳದ ದೂರದಲ್ಲಿ, ಉಸಿರು ಬಿಗಿ ಹಿಡಿದು ನಿಂತಿದ್ದಳು. ಒಳಗೆ ಕೂತವಳೂ ಬಿಗಿ ಹಿಡಿದಳು. ಮಾಲತಿ, ಎಂದು ಕರೆಯಬಹುದಿತ್ತು. ಹೆಜ್ಜೆಗಳು ಬಂದಷ್ಟೇ ಮೆಲ್ಲಗೆ ಹೋದವು. ಸಂಜೆ ಕೃತಿ ಚೀಲ ಬಿಚ್ಚಿದಳು. ಪ್ರತಿ ವರ್ಷ ಮಾಲತಿ ಬೆಂಗಳೂರಿನಿಂದ ತರಿಸಿ ಎಲ್ಲರಿಗೂ ಹಂಚುವ ಒಣಗಿದ ಬೇವಿನೆಲೆ, ಬೆರಳಗಲದ ಪೊಟ್ಟಣದಲ್ಲಿ. ಜೊತೆಗೆ ಒಂದು ಅಚ್ಚು ಬೆಲ್ಲ, ಉಳಿದವರಿಗೆ ಕೊಡುವುದಕ್ಕಿಂತ ದೊಡ್ಡದು.

ಬುಧವಾರ ಹತ್ತಕ್ಕೆ ಎರಡು ನಿಮಿಷವಿರುವಾಗ ಹೆಜ್ಜೆಗಳು ಬಂದವು. ಈ ಹೆಜ್ಜೆಗಳು ಮೆಟ್ಟಿಲ ಕಡೆಯಿಂದ ಬಂದವು, ಏದುಸಿರು ಕೇಳಿಸಿತು. ಹಾಗಾದರೆ ಶ್ರೀರಕ್ಷಾ ಲಿಫ್ಟಿನ ವಿಷಯ ಹೇಗೋ ತಿಳಿದುಕೊಂಡು ಹೇಳಿದ್ದಾಳೆ, ಇಲ್ಲವೇ ಇವರ ಅಭ್ಯಾಸವೇ ಹೀಗೆ.

“ನಾನು ಓಗಾವಾ” ಎಂದರು ಇಂಗ್ಲಿಷಿನಲ್ಲಿ. ಐವತ್ತು ದಾಟಿದ ಹೆಂಗಸು, ನರೆತ ಕೂದಲು, ಬೆನ್ನಿಗೆ ಬ್ಯಾಗು. “ನಿಮ್ಮ ಸ್ನೇಹಿತೆ ಮನೆಯಲ್ಲಿದ್ದಾರಾ?”

ಚಂದ್ರಪ್ರಭಾ ಮೂರು ದಿನದಿಂದ ಇಂಗ್ಲಿಷ್ ವಾಕ್ಯಗಳನ್ನು ಬರೆದು ಬಾಯಿಪಾಠ ಮಾಡಿದ್ದಳು. ಒಂದೂ ಬರಲಿಲ್ಲ. “ಸ್ನೇಹಿತೆ ಇಲ್ಲ. ನಾನೇ” ಎಂದಳು.

ಓಗಾವಾ ಸಾನ್‌ಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬ್ಯಾಗಿನಿಂದ ಒಂದು ದಿನಪತ್ರಿಕೆ ತೆಗೆದು ಕಾರಿಡಾರಿನ ನೆಲಕ್ಕೆ ಹಾಸಿ, ಸಂದಿಯ ಎದುರಿಗೆ ಕೂತರು. ಬಾಗಿಲು ತೆಗೆಯಿರಿ ಎನ್ನಲಿಲ್ಲ. ಫಾರಮ್ಮು ಮತ್ತು ಪೆನ್ನು ಒಳಗೆ ಬಂದವು. ಹೆಸರು, ವಯಸ್ಸು, ವೀಸಾ. ಎಷ್ಟು ದಿನದಿಂದ. ನಿದ್ದೆ ಬರುತ್ತದೆಯೇ. ಎಲ್ಲ ತುಂಬಿದಳು. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು.

“ಇಲ್ಲಿ ಗಂಡನಲ್ಲದೆ ಇನ್ನೊಬ್ಬರ ಹೆಸರು, ನಂಬರು” ಎಂದು ಓಗಾವಾ ಸಾನ್ ಸಂದಿಯಿಂದಲೇ ತೋರಿಸಿದರು. “ಇದೇ ಏರಿಯಾದವರು. ನಿಮಗೆ ಏನಾದರೂ ಆದರೆ ನಾನು ಫೋನ್ ಮಾಡಬಹುದಾದವರು.”

ನಲವತ್ಮೂರು ಜನರ ಗ್ರೂಪು. ಅವಳು ಹೆಸರುಗಳನ್ನು ಒಂದೊಂದಾಗಿ ನೆನೆದಳು. ಹೆಪ್ಪು ಕೊಟ್ಟವರು, ಕರಿಬೇವಿನ ಅಂಗಡಿ ಹೇಳಿದವರು, ಕೃತಿಯ ಹುಟ್ಟುಹಬ್ಬಕ್ಕೆ ಕೇಕು ತಂದವರು. ಬಳೆ ಒತ್ತಿ ಹಿಡಿದುಕೊಂಡು ಹೋದವಳು.

“ಖಾಲಿ ಬಿಟ್ಟರೂ ಆಗುತ್ತದೆ. ಆಮೇಲೆ ತುಂಬಬಹುದು.”

“ಒಂದು ನಿಮಿಷ” ಎಂದಳು. ಫೋನು ತೆಗೆದು ಶ್ರೀರಕ್ಷಾಳಿಗೆ ಬರೆದಳು: “ಓಗಾವಾ ಸಾನ್ ಬಂದಿದ್ದಾರೆ. ಏರಿಯಾದವರ ಒಂದು ನಂಬರ್ ಕೇಳುತ್ತಿದ್ದಾರೆ. ನಿನ್ನದು ಕೊಡಲಾ?”

ಮೆಸೇಜಿನ ಕೆಳಗೆ ಒಂದು ಟಿಕ್, ಎರಡು ಟಿಕ್. ನೀಲಿಯಾಗಲಿಲ್ಲ. ಓಗಾವಾ ಸಾನ್ ಎದುರು ಕಟ್ಟಡದ ಬಾಲ್ಕನಿಗಳಲ್ಲಿ ಒಣಗುವ ಹಾಸಿಗೆಗಳನ್ನು ನೋಡುತ್ತ ಕೂತರು. ಹತ್ತು ನಿಮಿಷವಾಗಿರಬೇಕು. ಫೋನು ಅಲ್ಲಾಡಿತು.

“ಕ್ಲಾಸಲ್ಲಿದೀನಿ. ಕೊಡಿ.”

ಅಕ್ಕಾ ಎಂದಿರಲಿಲ್ಲ. ಚಂದ್ರಪ್ರಭಾ ಆ ಎರಡು ಪದಗಳನ್ನು ಇನ್ನೊಮ್ಮೆ ಓದಿ, ಹನ್ನೊಂದು ಅಂಕಿಗಳನ್ನು ಒಂದೊಂದು ಚೌಕದಲ್ಲಿ ಒಂದೊಂದಾಗಿ ಬರೆದು, ಫಾರಮ್ಮನ್ನು ಹೊರಗೆ ದಾಟಿಸಿದಳು.

ಏಪ್ರಿಲ್ಲಿನ ಗಾಳಿ ಇನ್ನೂ ತಣ್ಣಗೇ ಇತ್ತು. ಕಾಗದ ತೆಗೆದುಕೊಂಡ ಓಗಾವಾ ಸಾನ್‌ರ ಬೆರಳ ತುದಿಗಳು ಕೆಂಪಾಗಿದ್ದವು. ಅವರು ಅದನ್ನು ಬ್ಯಾಗಿಗೆ ಸೇರಿಸಿ ಮತ್ತೆ ಅದೇ ಪತ್ರಿಕೆಯ ಮೇಲೆ ಸರಿಯಾಗಿ ಕೂತುಕೊಂಡರು, ಇಡೀ ದಿನ ಹೀಗೇ ಕೂರುವವರಂತೆ.

ಚಂದ್ರಪ್ರಭಾ ಎದ್ದಳು. ಕಾಲು ಜೋಮು ಹಿಡಿದಿತ್ತು. “ಓಗಾವಾ ಸಾನ್, ಮೂರು ಎಣಿಸುತ್ತೀರಾ? ಜೋರಾಗಿ” ಎಂದಳು.

“ಮೂರಾ?”

“ಮೂರು ಸಾಕು.”

ಅವರು ಏಕೆಂದು ಕೇಳದೆ ಎದ್ದು ನಿಂತರು. ಚಂದ್ರಪ್ರಭಾ ಬಗ್ಗಿ ಕೃತಿಯ ಬೂಟನ್ನು ಸಂದಿಯಿಂದ ಎಳೆದಳು. “ಇಚಿ” ಎಂಬುದು ಸ್ಪಷ್ಟವಾಗಿ ಕೇಳಿಸಿತು. ಬಾಗಿಲು ತನ್ನ ಭಾರಕ್ಕೆ ತಾನೇ ಬಂದು ಕೂತಿತು. ಕೃತಿಯ ಕೀರಲು ಕೂಗಷ್ಟೇ ದಾಟಿಬರುವ ಕಬ್ಬಿಣದ ಬಾಗಿಲು, ಅದರಾಚೆ ಓಗಾವಾ ಸಾನ್ ಎಣಿಸುತ್ತಿದ್ದಾರೋ ಇಲ್ಲವೋ ಒಳಗೆ ತಿಳಿಯುವಂತಿರಲಿಲ್ಲ. ಕತ್ತಲಲ್ಲಿ ಕೊಂಡಿಗೆ ಕೈ ಹುಡುಕುತ್ತ, ಉಳಿದ ಎರಡನ್ನು ಅವಳು ಕನ್ನಡದಲ್ಲಿ ಎಣಿಸಿದಳು.